ಎರಡು ದೀಪಗಳ ನಡುವೆ ದೇವು

"ಮೇಡಂ, ನಾ ಸತ್ತದ್ದು ಯಾವತ್ತು, ಸ್ವಲ್ಪ ನೋಡಿ ಹೇಳ್ತೀರೇನು?"

ಸುರಪುರ ಬಸ್ ಸ್ಟ್ಯಾಂಡಿನ ಎದುರು ಇರುವ ಫ್ಲೆಕ್ಸ್ ಅಂಗಡಿ. ಕಂಪ್ಯೂಟರಿನ ಮುಂದೆ ಕೂತಿದ್ದ ಪಂಚಶೀಲಾ ತಲೆ ಎತ್ತಿದಳು. ಬಾಗಿಲಲ್ಲಿ ಒಬ್ಬ ಯುವಕ ನಿಂತಿದ್ದ. ಮೊಣಕಾಲಿನ ತನಕ ಮಡಚಿದ ಪ್ಯಾಂಟು, ಹೆಗಲ ಮೇಲೆ ಸುತ್ತಿದ ಫ್ಲೆಕ್ಸು. ಆ ಮುಖವನ್ನು ಅವಳು ಎಲ್ಲೋ ನೋಡಿದ್ದಳು.

ಅವನು ಫ್ಲೆಕ್ಸನ್ನು ನೆಲದ ಮೇಲೆ ಬಿಚ್ಚಿದ. ಮೇಲೆ 'ಭಾವಪೂರ್ಣ ಶ್ರದ್ಧಾಂಜಲಿ'. ಆಚೆ ಈಚೆ ಉರಿಯುವ ಎರಡು ದೀಪ. ನಡುವೆ, ಕೂಲಿಂಗ್ ಗ್ಲಾಸ್ ಹಾಕಿಕೊಂಡು ಹಲ್ಲು ಬಿಟ್ಟು ನಗುತ್ತಿರುವ ಇದೇ ಮುಖ.

ಪಂಚಶೀಲಾಳ ಕೈ ಬಾಯಿಗೆ ಹೋಯಿತು.

"ಇದು ನಾನು, ದೇವು. ಕೆಳಗ ಹೆಸರು ನಮ್ಮ ದೊಡ್ಡಪ್ಪ ಭಾಗಣ್ಣಂದು. ಅವ ತೀರಿಕೊಂಡ. ನನ್ನ ಹುಟ್ಟಹಬ್ಬದ ಫ್ಲೆಕ್ಸ್ ಗೆಳೆಯರು ಮೊದಲೇ ಮಾಡಾಕ ಹೇಳಿಬಿಟ್ಟಿದ್ರು. ಈಗ ನಮ್ಮ ಊರಾಗ ದೊಡ್ಡಪ್ಪ ಕೇಕಿನ ಮುಂದ ನಿಂತಾನ. ಮ್ಯಾಲೆ 'ನಮ್ಮೂರ ಹುಲಿಗೆ ಶುಭಾಶಯ' ಅಂತ. ದೊಡ್ಡವ್ವ ಅಳೂದು ಬಿಟ್ಟು ಅದನ್ನ ನೋಡಕೋತ ಕುಂತಾಳ."

"ತಪ್ಪಾತ್ರಿ. ಎರಡೂ ಫೋಟೋ ಒಮ್ಮೆಗೇ ಬಂದಿದ್ವು. ನಾನು..." ಪಂಚಶೀಲಾಳ ದನಿ ಒಡೆಯಿತು. ಇನ್ನೇನು ಅಳುತ್ತಾಳೆ ಅನ್ನುವಾಗ ಅವನೇ ಗಾಬರಿಯಾದ.

"ಅಯ್ಯ, ಅಳಬ್ಯಾಡ್ರಿ. ಬೈಯಾಕ ಅಂತ ಬಂದಿದ್ದೆ, ಖರೇ. ಆದ್ರ ದಾರ್‍ಯಾಗ ಬಸ್ಸಿನಾಗ ಇದನ್ನ ಬಿಚ್ಚಿ ನೋಡಿದೆ. ಸತ್ತ ಮ್ಯಾಲೂ ಇಷ್ಟು ಚಂದ ಕಾಣ್ತೀನಿ ಅಂತ ಗೊತ್ತಿರಲಿಲ್ಲ."

ಅಂಗಡಿಯ ಯಜಮಾನಿ ನುಜ್ಹತ ಆಪಾ ಒಳಗಿನಿಂದ ಬಂದು ಫ್ಲೆಕ್ಸ್ ನೋಡಿ ಹಣೆ ಬಡಿದುಕೊಂಡಳು. ಆಮೇಲೆ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಹೇಳಿದಳು: "ಫಿಕರ್ ಮಾಡಬ್ಯಾಡಪ್ಪ. ಸುಳ್ಳು ಸಾವಿನ ಸುದ್ದಿ ಎದ್ರ ಉಮರ್ ಹೆಚ್ಚಾಗ್ತದ. ಈ ಹುಡುಗಿ ನಿನಗ ನೂರು ವರ್ಷ ಬರೆದುಕೊಟ್ಟಾಳ."

"ಹಂಗಾರ ಬೈಯಂಗಿಲ್ಲ," ಎಂದ ದೇವು. ಪಂಚಶೀಲಾಳ ಕಣ್ಣಂಚಿನ ನೀರು ಇಳಿಯುತ್ತದೋ ಇಲ್ಲವೋ ಎಂದು ನೋಡುತ್ತ ನಿಂತ. ಅದು ಇಳಿಯಲಿಲ್ಲ. ಅವಳು ನಕ್ಕಳು.

ಹೊಸ ಫ್ಲೆಕ್ಸ್ ಆಯಿತು. ಹಳೆಯದನ್ನು ಹರಿದು ಎಸೆಯಲು ಅವಳು ಕತ್ತರಿ ತೆಗೆದರೆ ದೇವು ತಡೆದ. "ಅದು ಇರಲಿ. ನನ್ನ ತೆಪ್ಪಕ್ಕ ಬೇಕು."

ದೇವಾಪುರ ದಾಟಿ ಕೃಷ್ಣೆಯ ದಂಡೆಗೆ ಹೋದರೆ ಅವನ ಊರು. ಬಿದಿರಿನ ದುಂಡು ತೆಪ್ಪದಲ್ಲಿ ಮೀನು ಹಿಡಿಯುವ ಮನೆತನ. ಮೊದಲು ತೆಪ್ಪಕ್ಕೆ ಚರ್ಮ ಹೊದಿಸುತ್ತಿದ್ದರಂತೆ. ಈಗ ಹಳೆಯ ಫ್ಲೆಕ್ಸ್, ಅದರ ಹೊರಗೆ ಗೊಬ್ಬರದ ಚೀಲ, ಅದರ ಮೇಲೆ ಡಾಂಬರು. ಹೊಳೆಯಲ್ಲಿ ತೇಲುವ ತೆಪ್ಪಗಳ ಒಳಗೆ ಇಣುಕಿದರೆ ಚುನಾವಣೆ ಗೆದ್ದವರು, ಸೋತವರು, ಮದುವೆಯಾದವರು ಎಲ್ಲರೂ ಬಿದಿರಿನ ಸಂದಿಯಿಂದ ನಗುತ್ತಿರುತ್ತಾರೆ.

* * *

ಅದಾದ ಮೇಲೆ ದೇವುಗೆ ಸುರಪುರದಲ್ಲಿ ಬಹಳ ಕೆಲಸ ಹುಟ್ಟಿಕೊಂಡವು. ಮೀನು ಮಾರಿ ಬಂದವನು ಅಂಗಡಿಯ ಕಟ್ಟೆಗೆ ಒರಗಿ ನಿಲ್ಲುತ್ತಿದ್ದ.

"ಏನ್ ಬೇಕ್ರಿ?" ಎಂದು ಅವಳು ಪರದೆಯಿಂದ ಕಣ್ಣು ತೆಗೆಯದೆ ಕೇಳುವಳು.

"ರೇಟ್ ಕೇಳಾಕ ಬಂದೀನಿ."

"ಮೊನ್ನೆ ಕೇಳಿದ್ರಲ್ಲ."

"ಏರ್‍ಯಾವೇನೋ ಅಂತ."

ಒಂದು ಭಾನುವಾರ ನುಜ್ಹತ ಆಪಾಳೇ ಹೊಳೆ ನೋಡಲು ಹೋಗೋಣವೆಂದು ಅವಳನ್ನು ಕರೆದುಕೊಂಡು ಹೋದಳು. ಆಪಾ ದಂಡೆಯ ಮೇಲೆ ಕೂತು ಎಲೆ ಹಾಕಿಕೊಂಡಳು. ಪಂಚಶೀಲಾಗೆ ನೀರೆಂದರೆ ಭಯ. ಚಪ್ಪಲಿ ಕೈಯಲ್ಲಿ ಹಿಡಿದು ತೆಪ್ಪದ ಅಂಚು ಮುಟ್ಟಿದಳು, ಹಿಂದೆ ಸರಿದಳು.

"ಮುಳುಗಿದ್ರ?"

"ಅಂಜಬ್ಯಾಡ. ಕೆಳಗ ನಾನೇ ಅದೀನಿ."

ಅವಳು ಬಗ್ಗಿ ನೋಡಿದಳು. ತೆಪ್ಪದ ತಳದಲ್ಲಿ, ಬಿದಿರಿನ ಚೌಕಗಳ ಹಿಂದೆ, ಎರಡು ದೀಪಗಳ ನಡುವೆ ದೇವು ಕೂಲಿಂಗ್ ಗ್ಲಾಸ್ ಹಾಕಿಕೊಂಡು ಆಕಾಶ ನೋಡುತ್ತಿದ್ದ. ಅವಳು ನಗುತ್ತಲೇ ಹತ್ತಿದಳು. ಎಲ್ಲಿ ಕಾಲಿಡಬೇಕೆಂದು ತಿಳಿಯದೆ ಅಂಚಿಗೆ ಒತ್ತಿ ಕೂತಳು.

"ಮುಖದ ಮ್ಯಾಲೆ ಕಾಲಿಟ್ರೂ ನಡೀತದ," ಎಂದ ಅವನು ಹುಟ್ಟು ಹಾಕುತ್ತ.

"ಥೂ, ಅಪಶಕುನ."

ತೆಪ್ಪ ಮೆಲ್ಲನೆ ಸುತ್ತುತ್ತ ನಡುನೀರಿಗೆ ಹೋಯಿತು. ಅವಳ ಕೈ ತಾನಾಗಿ ಕೆಳಗೆ ಹೋಗಿ ಫ್ಲೆಕ್ಸಿನ ಮೇಲೆ, ಅವನ ಚಿತ್ರದ ಗಲ್ಲದ ಮೇಲೆ ಊರಿತು. ಆಚೆಯಿಂದ ಹೊಳೆ ಅಂಗೈಗೆ ತಣ್ಣಗೆ ಬಡಿಯುತ್ತಿತ್ತು. ತಲೆ ಎತ್ತಿದಾಗ ಜೀವಂತ ದೇವು ಹುಟ್ಟು ಹಾಕುವುದನ್ನು ಮರೆತಿದ್ದ.

"ಆ ಗಲ್ಲಕ್ಕ ಪುಣ್ಯ ಅದ ನೋಡು," ಎಂದ.

ಅವಳು ಕೈ ತೆಗೆಯಲಿಲ್ಲ.

* * *

ಅವರಿಬ್ಬರ ನಡುವೆ ಇದ್ದದ್ದು ಹೊಳೆಯೊಂದೇ ಅಲ್ಲ. ಪಂಚಶೀಲಾಳ ಅಪ್ಪ ಚಂದ್ರಾಮಪ್ಪ ಸರಕಾರಿ ಕಚೇರಿಯ ಕ್ಲರ್ಕು. ಮನೆಯ ಪಡಸಾಲೆಯಲ್ಲಿ ಬುದ್ಧನ ಫೋಟೋ. ದೇವುವಿನ ತಾಯಿ ಮಲ್ಲಿಕಮ್ಮ ತಿಂಥಣಿಯ ಮೌನೇಶ್ವರನಿಗೆ ನಡೆದುಕೊಳ್ಳುವವಳು.

"ಬುದ್ಧ, ಮೌನೇಶ್ವರ ಇಬ್ಬರೂ ಸುಮ್ಮನ ಕುಂತಾರ," ಎನ್ನುತ್ತಿದ್ದ ದೇವು. "ತಕರಾರ ತಗಿಯಾವ್ರು ಮಂದಿ."

"ಮಂದಿ ಮಾತು ಬಿಡು. ನಮ್ಮಪ್ಪ ಮೊದಲು ಕೇಳೂದು, ಹುಡುಗ ಏನ್ ಮಾಡ್ತಾನ ಅಂತ."

ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಅವನು ಒಬ್ಬ ಏಜೆಂಟನ ಕೈಗೆ ಸಿಕ್ಕ. ರಷ್ಯಾದಲ್ಲಿ ಗೋದಾಮು ಕಾಯುವ ಕೆಲಸ. ರೂಮು, ಊಟ ಅವರದೇ. ಯಾದಗಿರಿ ಕಡೆಯ ಬೇರೆ ಹುಡುಗರೂ ಹೋಗಿದ್ದಾರಂತೆ.

"ಅಲ್ಲಿ ಯುದ್ಧ ನಡದದ ದೇವಾ."

"ಯುದ್ಧ ಗಡಿಯಾಗ. ನಾ ಇರೂದು ಶಹರದಾಗ. ಒಂದು ವರ್ಷ. ಆಮ್ಯಾಲೆ ಬೂಟ್ ಹಾಕ್ಕೊಂಡು ನಿಮ್ಮಪ್ಪನ ಮುಂದ ನಿಂದರ್ತೀನಿ."

ಪಾಸ್‌ಪೋರ್ಟ್ ಫೋಟೋ ತೆಗೆದವಳೂ ಅವಳೇ. ಬಿಳಿಯ ಪರದೆಯ ಮುಂದೆ ಅವನನ್ನು ಕೂರಿಸಿ ಕಾಲರು ಸರಿಮಾಡಿದಳು. ಬೆರಳು ಅವನ ಕುತ್ತಿಗೆಗೆ ತಾಗಿತು. ಇಬ್ಬರೂ ಉಸಿರು ಹಿಡಿದರು.

"ನಗಬಾರದು."

"ನೀ ಎದುರಿಗೆ ನಿಂತು ನಗಬಾರದು ಅಂದ್ರ ಹೆಂಗ?"

ಅವಳು ಮುಖ ತಿರುಗಿಸಿ ಬಟನ್ ಒತ್ತಿದಳು.

* * *

ಮೊದಲು ಹಿಮದ ಫೋಟೋ ಬಂತು. ಹತ್ತಿಯ ಹೊಲದ ಹಾಗಿದೆ, ಬಿಡಿಸುವವರೇ ಇಲ್ಲ ಎಂದು ಬರೆದಿದ್ದ. ಅವಳು ನಕ್ಕಳು. ಆಮೇಲೆ ಎರಡು ವಾರ ಏನೂ ಬರಲಿಲ್ಲ. ಆಮೇಲೆ ಒಂದು ಫೋಟೋ.

ವಾಟ್ಸಾಪಿನಲ್ಲಿ ಬರುವ ಫೋಟೋ ಮೊದಲು ಮಸುಕಾಗಿರುತ್ತದೆ. ಒತ್ತಿದರೆ ಮಾತ್ರ ತಿಳಿಯಾಗುತ್ತದೆ. ಈ ಮಸುಕಿನಲ್ಲಿ ಬರೀ ಹಸಿರು ಇತ್ತು. ಅವಳು ಒತ್ತಿದಳು. ಮಿಲಿಟರಿ ಬಟ್ಟೆ ತೊಟ್ಟ ದೇವು ನಿಂತಿದ್ದ. ನಕ್ಕಿರಲಿಲ್ಲ.

ಸಂಜೆ ಫೋನ್ ಬಂತು. "ಕಾಗದಕ್ಕ ಸಹಿ ಮಾಡಿಸಿಕೊಂಡಿದ್ರು, ಪಂಚು. ಅವರ ಭಾಷಾದಾಗಿತ್ತು. ಗೋದಾಮಿನ ಕಾಗದ ಅಂದಿದ್ದ ಏಜೆಂಟ. ಈಗ ಫೋನ್ ಎತ್ತವಲ್ಲ. ಅವ್ವಗ ಹೇಳಬ್ಯಾಡ."

"ಬಂದುಬಿಡು ದೇವಾ."

"ಬಿಡಂಗಿಲ್ಲ."

ಆ ಒಂದು ಮಾತಿನ ಹಿಂದೆ ಇದ್ದ ಅಂಜಿಕೆಯನ್ನು ಅವಳು ಅದುವರೆಗೆ ಅವನ ದನಿಯಲ್ಲಿ ಕೇಳಿರಲಿಲ್ಲ.

ಅಂದಿನಿಂದ ಭಯ ಅವಳ ಜೊತೆ ಎದ್ದಿತು, ಉಂಡಿತು, ಅಂಗಡಿಗೆ ಬಂದಿತು. ಶ್ರದ್ಧಾಂಜಲಿಯ ಕೆಲಸ ಬಂದರೆ ಅವಳ ಬೆರಳು ಮರಗಟ್ಟುತ್ತಿದ್ದವು. ಯಾರಾದರೂ ಕೆಂಪಾದ ಕಣ್ಣಲ್ಲಿ ಬಂದು "ಒಂದು ಫೋಟೋ ಕಳಿಸೀನ್ರಿ" ಅಂದರೆ ಸಾಕು, ಅವಳು ಎದ್ದು ನೀರು ಕುಡಿಯುವ ನೆಪದಲ್ಲಿ ಹಿತ್ತಲಿಗೆ ಹೋಗುವಳು. ನುಜ್ಹತ ಆಪಾ ಏನೂ ಕೇಳದೆ ಆ ಕುರ್ಚಿಯಲ್ಲಿ ಕೂತು ದೀಪ ಜೋಡಿಸುವಳು.

ಎರಡು ಟಿಕ್ ಬಿದ್ದರೆ ಅವನು ಬದುಕಿದ್ದಾನೆ. ಒಂದೇ ಟಿಕ್ ಇದ್ದರೆ ಗೊತ್ತಿಲ್ಲ. ರೊಟ್ಟಿ ಬಡಿಯುವಾಗಲೂ ಫೋನು ಹಿಟ್ಟಿನ ಪರಾತದ ಪಕ್ಕ. ಅವ್ವ ಬೈದರೂ ಅಲ್ಲೇ.

ಒಂದು ದಿನ ಅವನ ದನಿ ಸ್ವಲ್ಪ ಹಗುರಾಗಿತ್ತು.

"ಇಲ್ಲಿ ನನಗ ಹೊಳಿ ಸಿಕ್ಕದ. ನಮ್ಮ ಕೃಷ್ಣಾಕ್ಕಿಂತ ಅಗಲ. ಹೆಸರು ನಾಲಿಗಿ ಮ್ಯಾಲೆ ನಿಲ್ಲಂಗಿಲ್ಲ. ಹುಟ್ಟು ಹಾಕಾಕ ಯಾರಿಗೆ ಬರ್ತದ ಅಂತ ಕೇಳಿದ್ರು. ಕೈ ಎತ್ತಿದೆ."

"ಯಾಕ ಎತ್ತಿದಿ?"

"ಬಂದೂಕ ಹಿಡಿಯೂದಕ್ಕಿಂತ ಹುಟ್ಟು ಹಿಡಿಯೂದು ಚಲೋ ಅಲ್ಲೇನು? ಆ ದಂಡಿಯಾಗ ಗಾಯ ಆದವರನ್ನ ರಬ್ಬರ್ ದೋಣ್ಯಾಗ ಈ ದಂಡಿಗೆ ತರೂದು. ನೇಪಾಳದವ ಒಬ್ಬ ನನ್ನ ಜೋಡಿ ಅದಾನ. ಮ್ಯಾಲೆ ಡ್ರೋನ್ ಗುಂಯ್ ಅಂತಾವ. ಗಾಳಿ ಜೋರ್ ಎದ್ದಾಗ ಅವು ಬರಂಗಿಲ್ಲ, ಆವಾಗ ಹೊರಡ್ತೀವಿ."

"ಗಾಳಿ ಎದ್ದಾಗ ನೀರಿಗಿ ಇಳೀಬಾರದು ಅಂತಿದ್ದಿ."

"ಇಲ್ಲಿ ಎಲ್ಲಾ ಉಲ್ಟಾ, ಪಂಚು. ಗಾಯ ಆದವರಿಗೂ ನೀರಂದ್ರ ಅಂಜಿಕಿ. ನಿನಗ ಹೇಳಿದ್ದನ್ನೇ ಅವರಿಗೂ ಹೇಳ್ತೀನಿ, ಅಂಜಬ್ಯಾಡ ನಾ ಅದೀನಿ ಅಂತ. ಕನ್ನಡದಾಗ. ತಿಳೀತದೋ ಇಲ್ಲೋ, ಕೈ ಮಾತ್ರ ಗಟ್ಟಿ ಹಿಡೀತಾರ."

"ನನಗ ಹೇಳಿದ್ದನ್ನ ಎಲ್ಲರಿಗೂ ಹೇಳ್ಕೋತ ಹೊಂಟೀಯೇನು?"

"ಎಲ್ಲರಿಗೂ ಮೀಸಿ ಅದಾವ ಬೇ, ಸಿಟ್ಟಾಗಬ್ಯಾಡ."

ಅವಳು ನಗಲು ಹೋಗಿ ಅತ್ತಳು. ಅವನ ಕಡೆ ದೂರದಲ್ಲಿ ಗಾಳಿಯ ಸದ್ದು.

"ಪಂಚು, ಒಮ್ಮೆ ಬಾಯಿ ಬಿಟ್ಟು ಹೇಳು. ನೀ ಇಲ್ಲೀತನಕ ಹೇಳೇ ಇಲ್ಲ."

ಅಂಗಡಿ ತುಂಬ ಜನ. ಯಾರದೋ ಮದುವೆಯ ಫ್ಲೆಕ್ಸಿನ ಅಂಚಿಗೆ ಹಗ್ಗ ಪೋಣಿಸುವ ರಿಂಗ್ ಹೊಡೆಯುತ್ತಿದ್ದರು. ಅಪ್ಪನ ಕಚೇರಿಯವರೊಬ್ಬರು ಬೆಂಚಿನ ಮೇಲೆ ಕೂತಿದ್ದರು. "ಗಿರಾಕಿ ಅದಾರ," ಎಂದು ಪಿಸುಗುಟ್ಟಿದಳು.

"ಹಂಗಾರ ನಾ ಬಂದಾಗ ಒಂದು ದೊಡ್ಡ ಫ್ಲೆಕ್ಸ್ ಮಾಡು. ನನ್ನ ಹೆಸರು, ನಿನ್ನ ಹೆಸರು. ಬಸ್ ಸ್ಟ್ಯಾಂಡಿನಾಗ ಕಟ್ಟೂಣು. ಶಹಾಪುರ ಬಸ್ಸು, ಕೆಂಭಾವಿ ಬಸ್ಸು, ಎಲ್ಲಾ ಬಸ್ಸಿನ ಮಂದಿ ಓದಲಿ."

"ಏ, ನನಗ ಅಂಜಿಕಿ."

"ಅದಕ್ಕ ಅಂಜಿದ್ರ ಹೆಂಗ? ಇಲ್ಲಿ ಬಂದು ನೋಡು, ಅಂಜಿಕಿ ಅಂದ್ರ ಏನಂತ," ಎಂದು ನಕ್ಕ. ಲೈನ್ ಕಡಿಯಿತು.

ಅವಳು ಕಳಿಸಿದ ಮೆಸೇಜಿಗೆ ಒಂದೇ ಟಿಕ್ ಬಿತ್ತು. ಮರುದಿನವೂ ಒಂದೇ. ಅದರ ಮರುದಿನವೂ.

* * *

ಸಂತೆಯ ದಿನ, ಮಧ್ಯಾಹ್ನ. ಒಬ್ಬ ಹೆಂಗಸು ಬಸ್ಸಿನಿಂದ ಇಳಿದು ರಸ್ತೆ ದಾಟಿ ನೇರ ಅಂಗಡಿಗೆ ಬಂದಳು. ಮಾಸಿದ ಹಸಿರು ಸೀರೆ, ಕೈಯಲ್ಲಿ ಬಟ್ಟೆಯ ಚೀಲ. ಕಣ್ಣು ಒಣಗಿದ್ದವು.

"ಇಲ್ಲಿ ಹೋದ ಸಲ ನನ್ನ ಮಗನ್ನ ಸಾಯಿಸಿದ ಹುಡುಗಿ ಯಾರವ್ವ?"

ಪಂಚಶೀಲಾ ಎದ್ದು ನಿಂತಳು. ಮಲ್ಲಿಕಮ್ಮನನ್ನು ಅವಳು ನೋಡಿರಲಿಲ್ಲ. ಆದರೆ ಆ ಹುಬ್ಬು, ಆ ಗಲ್ಲ ಗೊತ್ತಿದ್ದವು. ಅವಳ ಅಂಗೈಗೆ ಆ ಗಲ್ಲ ಗೊತ್ತಿತ್ತು.

"ನಾನ್ರಿ, ಯವ್ವಾ."

ಮಲ್ಲಿಕಮ್ಮ ಬೆಂಚಿನ ತುದಿಗೆ ಕೂತಳು. ಸಮಾಧಾನದಿಂದ, ಯಾರಿಗೋ ದಾರಿ ಹೇಳುವ ಹಾಗೆ ಹೇಳಿದಳು:

"ದಿಲ್ಲಿಯಿಂದ ಯಾರೋ ಸಾಹೇಬ್ರು ಫೋನ್ ಮಾಡಿದ್ರು. ಆಮ್ಯಾಲೆ ನೇಪಾಳದ ಒಬ್ಬ ಹುಡುಗ ಮಾಡಿದ. ಅಳ್ತಿದ್ದ. ಹಿಂದಿಯಾಗ ಹೇಳಿದ. ದೇವು ಗಾಯಾಳು ಒಬ್ಬನ್ನ ದಂಡಿಗೆ ಮುಟ್ಟಿಸಿ, ಇನ್ನೊಬ್ಬನ್ನ ತರಾಕ ತಿರುಗಿ ಹೋದನಂತ. ನಡುನೀರಾಗ ಇದ್ದಾಗ ಗಾಳಿ ನಿಂತಿತಂತ."

ಪಂಚಶೀಲಾಗೆ ಮಷೀನಿನ ಸದ್ದು ಕೇಳಿಸಲಿಲ್ಲ. ಬಸ್ಸಿನ ಹಾರ್ನು ಕೇಳಿಸಲಿಲ್ಲ. ಬೀಳಬಾರದು ಎನ್ನುವುದೊಂದೇ ತಲೆಯಲ್ಲಿತ್ತು. ಬಿದ್ದರೆ ಎಲ್ಲರೂ ಕೇಳುತ್ತಾರೆ: ನಿನಗೇನಾಗಬೇಕು ಅವನು? ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದಳು.

"ನಾ ನಂಬಿಲ್ಲ, ಮಗಳ," ಎಂದಳು ಮಲ್ಲಿಕಮ್ಮ. "ನನ್ನ ಮಗ ಒಮ್ಮೆ ಸತ್ತು ಮುಗಿಸ್ಯಾನ. ಆವಾಗ ನಿನ್ನ ಕೈಯಿಂದ ಆದದ್ದು ಸುಳ್ಳಾತು. ಅದಕ್ಕ ಬಂದೀನಿ. ಇನ್ನೊಮ್ಮೆ ಮಾಡಿಕೊಡು. ಅದೇ ದೀಪ, ಅದೇ ಫೋಟೋ. ನಿನ್ನ ಕೈಯಾಗಿಂದ ಬಂದ್ರ ಇದೂ ಸುಳ್ಳಾಗ್ತದ."

ನುಜ್ಹತ ಆಪಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಅಕ್ಕಾ, ಅದನ್ನ ನಾ ಮಾಡ್ತೀನಿ. ಆ ಹುಡುಗಿ ಬ್ಯಾಡ."

"ನೀ ಮಾಡಿದ್ರ ಖರೇ ಆಗ್ತದವ್ವ. ಅಕೀನೇ ಮಾಡಬೇಕು."

ಪಂಚಶೀಲಾ ಕೂತಳು. ಹಳೆಯ ಫೈಲು ಇನ್ನೂ ಇತ್ತು. ತೆರೆದಳು. ಎರಡು ದೀಪಗಳ ನಡುವೆ ದೇವು ಹಲ್ಲು ಬಿಟ್ಟು ನಕ್ಕ. ಭಾಗಣ್ಣನ ಹೆಸರನ್ನು ಅಳಿಸಿದಳು. ಖಾಲಿ ಜಾಗದಲ್ಲಿ ಗೆರೆಯೊಂದು ಮಿಣುಕುತ್ತಿತ್ತು. 'ದೇ' ಅಷ್ಟೇ ಬಂತು. ಬೆರಳು ತಪ್ಪು ಅಕ್ಷರ ಒತ್ತಿದವು. ಅಳಿಸಿದಳು. ಮತ್ತೆ ಒತ್ತಿದಳು. ಸುಳ್ಳಾಗಲಿ, ಸುಳ್ಳಾಗಲಿ ಎಂದು ಒಂದೊಂದು ಅಕ್ಷರಕ್ಕೂ ಹೇಳಿಕೊಂಡಳು. ಓದಿದ ಹುಡುಗಿ, ಬುದ್ಧನ ಮುಂದೆ ಬೆಳೆದವಳು, ಆ ಹೊತ್ತಿಗೆ ಮಲ್ಲಿಕಮ್ಮನಿಗಿಂತ ಹೆಚ್ಚು ನಂಬಿದ್ದಳು.

"ಕೆಳಗ ಹೆಸರು ಹಾಕ್ತಾರಲ್ಲ," ಎಂದಳು ಮಲ್ಲಿಕಮ್ಮ ಪಕ್ಕಕ್ಕೆ ಬಂದು ನಿಂತು. "ಅಳಾವ್ರ ಹೆಸರು."

"ಹೇಳ್ರಿ."

"ತಾಯಿ ಮಲ್ಲಿಕಮ್ಮ."

ಬರೆದಳು. "ಮತ್ತ?"

ಮಲ್ಲಿಕಮ್ಮನ ಒರಟು ಕೈ ಪಂಚಶೀಲಾಳ ನೆತ್ತಿಯ ಮೇಲೆ ಬಂದು ಕೂತಿತು.

"ಅಲ್ಲಿಂದ ಫೋನ್ ಮಾಡಿದಾಗೆಲ್ಲ ಕೇಳ್ತಿದ್ದ. ಸುರಪುರಕ್ಕ ಹೋಗಿದ್ದಿಯೇನವ್ವ, ಫ್ಲೆಕ್ಸ್ ಅಂಗಡಿ ತೆರೆದಿತ್ತೇನು ಅಂತ. ಉಂಡಿಯೇನು ಅಂತ ಕೇಳೂದು ಮರೀತಿದ್ದ, ಇದನ್ನ ಮರೀತಿರಲಿಲ್ಲ. ಅಂಗಡಿಗೋಸ್ಕರ ಯಾವ ಮಗ ಅಷ್ಟು ಕೇಳ್ತಾನ?" ಉಸಿರೆಳೆದಳು. "ನಿನ್ನ ಹೆಸರೇನು, ಮಗಳ?"

ಹೊರಗೆ, ಈ ಫ್ಲೆಕ್ಸ್ ಕಟ್ಟುವ ಬಸ್ ಸ್ಟ್ಯಾಂಡು. ದಿನವೂ ಸಂಜೆ ಅಪ್ಪ ನಡೆದು ಬರುವ ದಾರಿ. ಎಲ್ಲ ಬಸ್ಸಿನ ಮಂದಿ ಓದುತ್ತಾರೆ. ಇಷ್ಟು ದಿನ ಅವಳನ್ನು ನಡುಗಿಸಿದ್ದ ಆ ಸಣ್ಣ ಅಂಜಿಕೆ ಇನ್ನೂ ಅಲ್ಲೇ ಇತ್ತು. ಅದರ ಪಕ್ಕದಲ್ಲೇ ಅವನ ದನಿ ಇತ್ತು, ಒಮ್ಮೆ ಬಾಯಿ ಬಿಟ್ಟು ಹೇಳು ಎಂದು.

ತಾಯಿ ಮಲ್ಲಿಕಮ್ಮ ಎನ್ನುವುದರ ಪಕ್ಕದಲ್ಲಿ ಅವಳು ಬರೆದಳು: ಪಂಚಶೀಲಾ.

ಮಷೀನು ಆಚೆ ಈಚೆ ಓಡಾಡುತ್ತ ಅವನನ್ನು ಮೆಲ್ಲಮೆಲ್ಲನೆ ಹೊರಗೆ ತಂದಿತು. ಮೊದಲು ಕೂದಲು, ಆಮೇಲೆ ಕೂಲಿಂಗ್ ಗ್ಲಾಸು, ಆಮೇಲೆ ನಗು. ಎಲ್ಲದರ ಕೊನೆಗೆ ಅವಳ ಹೆಸರು, ಇನ್ನೂ ಹಸಿಯಾಗಿ.

* * *

ಮರುದಿನ ಸಂಜೆ ಚಂದ್ರಾಮಪ್ಪ ಮನೆಗೆ ಬಂದವನು ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತ. ಪಂಚಶೀಲಾ ಒಲೆಯ ಮುಂದಿನಿಂದ ಎದ್ದಳು.

"ಬಸ್ ಸ್ಟ್ಯಾಂಡಿನಾಗ ನಿನ್ನ ಹೆಸರು ಓದಿದೆ."

ಅವಳು ಕೈಗೆ ಅಂಟಿದ ಹಿಟ್ಟು ಒರೆಸಿಕೊಂಡಳು.

"ಏನ್ ಮಾಡ್ತಿದ್ದ ಆ ಹುಡುಗ?"

"ಮೀನ ಹಿಡೀತಿದ್ದ, ಅಪ್ಪಾ. ಆಮ್ಯಾಲೆ ಮಂದೀನ ಹೊಳಿ ದಾಟಸ್ತಿದ್ದ."

ಚಂದ್ರಾಮಪ್ಪ ಚಪ್ಪಲಿ ಬಿಟ್ಟು ಒಳಗೆ ಬಂದ. "ಮೊದಲೇ ಹೇಳಿದ್ರ ಬೈತಿದ್ದೆ," ಎಂದ. "ಬೈದು ಅವನ್ನ ಇಲ್ಲೇ ಇಟ್ಕೋತಿದ್ದೆ. ಊರಿಗೆ ತಂದಾಗ ಹೇಳು. ನಾನೂ ಬರ್ತೀನಿ."

ಪೆಟ್ಟಿಗೆ ಬರುವ ಹೊತ್ತಿಗೆ ಜೋಳ ತೆನೆ ಕಟ್ಟಿತ್ತು. ಮೊಳೆ ಹೊಡೆದ ಪೆಟ್ಟಿಗೆ, ತೆರೆಯಬಾರದಂತೆ. ಅವರ ಮನೆತನದವರನ್ನು ಮಣ್ಣು ಮಾಡುವುದು ಹೊಳೆಯ ನಡುಗಡ್ಡೆಯಲ್ಲಿ. ಪೆಟ್ಟಿಗೆಯನ್ನು ಊರವರು ದೊಡ್ಡ ದೋಣಿಯಲ್ಲಿಟ್ಟರು. ಚಂದ್ರಾಮಪ್ಪ ಅದಕ್ಕೊಂದು ಕೈ ಹಚ್ಚಿ ಹತ್ತಿದ. ಯಾರೂ ತಡೆಯಲಿಲ್ಲ.

ಆ ದೋಣಿಯ ಹಿಂದೆ, ದೇವುವಿನ ತೆಪ್ಪದಲ್ಲಿ, ಮಲ್ಲಿಕಮ್ಮ ಹುಟ್ಟು ಹಿಡಿದು ನಿಂತಿದ್ದಳು.

"ಈ ಸಲ ನಿನ್ನ ಕೈ ಸುಳ್ಳು ಹೇಳಲಿಲ್ಲ, ಮಗಳ," ಎಂದಳು. ಆಗ ಅತ್ತಳು, ಮೊದಲ ಸಲ, ದೊಡ್ಡ ದನಿಯಲ್ಲಿ, ಹೊಳೆಯ ಆಚೆ ದಂಡೆಗೂ ಕೇಳುವ ಹಾಗೆ. ಅತ್ತು ಮುಗಿಸಿ ಮುಖ ತೊಳೆದುಕೊಂಡು ಕೈ ಚಾಚಿದಳು. "ಬಾ. ಹತ್ತು."

ಗಾಳಿ ಎದ್ದಿತ್ತು. ನೀರು ಕಪ್ಪಗೆ ಕುಣಿಯುತ್ತಿತ್ತು. ಪಂಚಶೀಲಾ ಅಂಚು ಮುಟ್ಟಿ ಹಿಂದೆ ಸರಿದಳು. ಆಮೇಲೆ ಬಗ್ಗಿ ನೋಡಿದಳು. ಬಿದಿರಿನ ಹಿಂದೆ ಬಣ್ಣ ಮಾಸಿತ್ತು. ಒಂದು ದೀಪ ಅಳಿಸಿಹೋಗಿತ್ತು. ನಗು ಮಾತ್ರ ಉಳಿದಿತ್ತು.

ಅವಳು ಹತ್ತಿದಳು. ಈ ಸಲ ಅಂಚಿಗೆ ಸರಿಯಲಿಲ್ಲ. ತೆಪ್ಪದ ನಡುವೆ ಕೂತು, ಆ ಗಲ್ಲದ ಮೇಲೆ ಅಂಗೈ ಊರಿದಳು. ಆಚೆಯಿಂದ ಹೊಳೆ ತಣ್ಣಗೆ ಬಡಿಯುತ್ತಿತ್ತು.

"ಅಂಜಿಕಿ ಆಗಾಕತ್ತದೇನು?" ಎಂದು ಕೇಳಿದಳು ಮಲ್ಲಿಕಮ್ಮ.

"ಹೌದ್ರಿ ಯವ್ವಾ, ಬಾಳ ಆಗಾಕತ್ತದ," ಎಂದಳು ಪಂಚಶೀಲಾ, ಕೈ ತೆಗೆಯದೆ. "ನೀವು ನಡಸ್ರಿ. ಕೆಳಗ ಅವ ಅದಾನ."